ಎಲ್ಲೆ ಮತ್ತು ವೇಳೆ: ಮಂಗಳೂರು–ಬೆಂಗಳೂರುಗಳ ನೀರಂಚಿನ ನಿಯಮಗಳ ತೌಲನಿಕ ವಿವೇಚನೆ

ನೀರು ಮತ್ತು ನೆಲ ಕೂಡುವ ಅಂಚಿನಲ್ಲಿ ಮನುಷ್ಯ ಎಲ್ಲಿಯವರೆಗೆ ಮನೆ ಕಟ್ಟಬಹುದು, ಎಲ್ಲಿಂದ ಮುಂದೆ ಕಟ್ಟಬಾರದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ನಗರಯೋಜನೆ ಹಾಗೂ ಕಾನೂನಿನ ಕ್ಷೇತ್ರಕ್ಕೆ ಸೇರಿದ್ದು. ಕನ್ನಡ ಅಧ್ಯಯನಕ್ಕೂ ಇದಕ್ಕೂ ಏನು ಸಂಬಂಧ ಎಂಬ ಸಂದೇಹ ಸಹಜ. ಆದರೆ ಪ್ರತಿಯೊಂದು ನಿಯಮವೂ ಒಂದು ವ್ಯಾಖ್ಯೆಯ ಮೇಲೆ ನಿಂತಿರುತ್ತದೆ. ಪ್ರತಿಯೊಂದು ವ್ಯಾಖ್ಯೆಯೂ ಕೆಲವು ಪದಗಳ ಮೇಲೆ ನಿಂತಿರುತ್ತದೆ. ದಡ ಎಂದರೆ ಯಾವುದು, ಉಬ್ಬರ ಎಂದರೆ ಎಷ್ಟು, ಕೆರೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಧರಿಸದೆ ಒಂದು ಗಜ ನೆಲವನ್ನೂ ಅಳೆಯಲಾಗದು. ಆ ನಿರ್ಧಾರ ಯಾವ ಭಾಷೆಯಲ್ಲಿ, ಯಾರ ಅನುಭವವನ್ನು ಆಧರಿಸಿ ನಡೆಯುತ್ತದೆ ಎಂಬುದು ಭಾಷಾಧ್ಯಯನದ ಪ್ರಶ್ನೆಯೂ ಹೌದು.

ಪ್ರಸ್ತುತ ಲೇಖನದಲ್ಲಿ ಕಡಲಂಚಿನ ಮಂಗಳೂರು ಮತ್ತು ಒಳನಾಡಿನ ಬೆಂಗಳೂರುಗಳಿಗೆ ಅನ್ವಯವಾಗುವ ನೀರಂಚಿನ ನಿಯಮಗಳನ್ನು ಹೋಲಿಸಿ ನೋಡಲಾಗಿದೆ. ಎರಡು ನಿಯಮಗಳೂ ಚಲನಶೀಲವಾದ ನೀರನ್ನು ಸ್ಥಿರವಾದ ಒಂದು ಗೆರೆಯಿಂದ ಹಿಡಿಯಲು ಹೊರಟಿವೆ. ಕನ್ನಡದ ಪದಗಳಾದರೋ ಅದೇ ಅಂಚನ್ನು ಕಾಲಕಾಲಕ್ಕೆ ಹಿಗ್ಗಿ ಕುಗ್ಗುವ ಪ್ರದೇಶವೆಂದು ಬಹುಕಾಲದಿಂದ ಗುರುತಿಸಿಕೊಂಡು ಬಂದಿವೆ. ಈ ಅಂತರವನ್ನು ತೋರಿಸುವುದು ಲೇಖನದ ಉದ್ದೇಶ.

1. ಎರಡು ನಗರ, ಎರಡು ದಡ

ಮಂಗಳೂರು ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳ ನಡುವೆ ಬೆಳೆದ ಪಟ್ಟಣ. ಎರಡೂ ನದಿಗಳು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಅಳಿವೆಯ ಬಡಗು ದಿಕ್ಕಿನಲ್ಲಿ ನದಿ ಮತ್ತು ಕಡಲುಗಳ ನಡುವೆ ಚಾಚಿರುವ ಮರಳ ಪಟ್ಟಿಯೇ ಬೆಂಗ್ರೆ. ತೆಂಕಲಲ್ಲಿ ಕೋಟೆಪುರ, ಉಳ್ಳಾಲಗಳು. ಇಲ್ಲಿ ದಡವೆಂಬುದು ಒಂದಲ್ಲ. ತೆರೆ ಬಡಿಯುವ ಕಡಲ ದಡ, ಉಬ್ಬರವಿಳಿತಕ್ಕೆ ಒಳಗಾಗುವ ಹೊಳೆಯ ದಡ, ನಡುವೆ ಕುದ್ರುಗಳ ದಡ ಎಂದು ಅದು ಹಲವು ಬಗೆಯದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಏಣಿನ ಮೇಲಿದೆ. ಊರಿನ ಒಂದು ಮಗ್ಗುಲ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ದೊಡ್ಡ ನದಿಯಿಲ್ಲದ ಈ ನೆಲದಲ್ಲಿ ಜನ ಮಳೆಯ ನೀರನ್ನು ಏರಿ ಕಟ್ಟಿ ನಿಲ್ಲಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುವಂತೆ ಸರಪಳಿಯ ವ್ಯವಸ್ಥೆ ರೂಪುಗೊಂಡಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಈ ಉದಾಹರಣೆಗಳು ಸರ್ವವಿದಿತ. ಇಲ್ಲಿಯ ದಡ ನಿಸರ್ಗವು ಕೊಟ್ಟದ್ದಲ್ಲ, ಮನುಷ್ಯ ಮಾಡಿಕೊಂಡದ್ದು ಎಂಬುದನ್ನು ಮುಖ್ಯವಾಗಿ ಗಮನಿಸಬೇಕು.

2. ಕಡಲಂಚಿನ ನಿಯಮ

ಕಡಲ ದಡದ ರಕ್ಷಣೆಯ ಚಿಂತನೆ ಆಡಳಿತದ ಮಟ್ಟದಲ್ಲಿ ಸ್ಪಷ್ಟ ರೂಪ ಪಡೆದದ್ದು 1981ರಲ್ಲಿ. ಆ ವರ್ಷ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಪ್ರದೇಶವನ್ನು ತೆರವಾಗಿರಿಸಬೇಕೆಂದು ಸೂಚಿಸಿದರು. ಹತ್ತು ವರ್ಷಗಳ ಬಳಿಕ, 1991ರ ಫೆಬ್ರವರಿ 19ರಂದು, 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಬಿತ್ತು. ಅನೇಕ ತಿದ್ದುಪಡಿಗಳ ನಂತರ 2011ರ ಜನವರಿ 6ರಂದು ಎರಡನೆಯದೂ, 2019ರ ಜನವರಿ 18ರಂದು ಮೂರನೆಯದೂ ಪ್ರಕಟವಾದವು.

ಈ ನಿಯಮದ ಕೇಂದ್ರದಲ್ಲಿರುವುದು ಗರಿಷ್ಠ ಉಬ್ಬರದ ರೇಖೆ. ಹುಣ್ಣಿಮೆ–ಅಮಾವಾಸ್ಯೆಗಳ ಹೊತ್ತಿನ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಬರುವುದೋ ಅದೇ ಆ ರೇಖೆ. ಅಲ್ಲಿಂದ ಒಳಕ್ಕೆ 500 ಮೀಟರ್ ಪ್ರದೇಶವನ್ನು ನಿಯಮ ವರ್ಗೀಕರಿಸುತ್ತದೆ. ಕಾಂಡ್ಲ ವನಗಳೇ ಮೊದಲಾದ ಸೂಕ್ಷ್ಮ ಪ್ರದೇಶಗಳೂ ಉಬ್ಬರವಿಳಿತಗಳ ನಡುವಿನ ನೆಲವೂ ಮೊದಲ ವರ್ಗ. ನಗರಾಡಳಿತದ ಮೇರೆಯೊಳಗೆ ಈಗಾಗಲೇ ಕಟ್ಟಡಗಳಿಂದ ತುಂಬಿರುವುದು ಎರಡನೆಯ ವರ್ಗ. ಗ್ರಾಮೀಣ ಸ್ವರೂಪದ್ದು ಮೂರನೆಯ ವರ್ಗ. ಎರಡನೆಯ ವರ್ಗದಲ್ಲಿ, ಇದ್ದ ರಸ್ತೆಯ ಅಥವಾ ಅಧಿಕೃತ ಕಟ್ಟಡದ ಒಳನಾಡಿನ ಕಡೆಗೆ ಹೊಸ ಕಟ್ಟಡ ಕಟ್ಟಬಹುದು. ಕಡಲ ಕಡೆಗೆ ಕಟ್ಟುವಂತಿಲ್ಲ. ಮೂರನೆಯ ವರ್ಗದಲ್ಲಿ ಮೊದಲ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯವಾಗಿತ್ತು. 2011ರ ಅಧಿಸೂಚನೆ ಇದರಲ್ಲಿ 100ರಿಂದ 200 ಮೀಟರ್ ನಡುವೆ ಮೀನುಗಾರರೇ ಮೊದಲಾದ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ವಾಸದ ಮನೆಗಳಿಗೆ ಅವಕಾಶ ಕಲ್ಪಿಸಿತು.

2019ರ ಅಧಿಸೂಚನೆ ಮೂರನೆಯ ವರ್ಗವನ್ನೇ ಎರಡಾಗಿ ಒಡೆಯಿತು. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ನಿಷಿದ್ಧ ವಲಯ 50 ಮೀಟರಿಗೆ ಇಳಿಯಿತು. ಉಳಿದ ಕಡೆ 200 ಮೀಟರ್ ಹಾಗೆಯೇ ಉಳಿಯಿತು. ಉಬ್ಬರವಿಳಿತಕ್ಕೆ ಒಳಗಾದ ಹೊಳೆ, ತೊರೆಗಳ ದಂಡೆಯಲ್ಲಿ 2011ರಲ್ಲಿ 100 ಮೀಟರ್ ಅಥವಾ ತೊರೆಯ ಅಗಲ, ಇವೆರಡರಲ್ಲಿ ಕಡಿಮೆಯಾದದ್ದು ಎಂದಿದ್ದ ಅಳತೆ 50 ಮೀಟರ್ ಅಥವಾ ತೊರೆಯ ಅಗಲ ಎಂದಾಯಿತು. ಎರಡು ಹೊಳೆಗಳ ನಡುವಿನ ಮಂಗಳೂರಿನಂತಹ ಊರಿಗೆ ಕಡಲ ದಡದ ಅಳತೆಯಷ್ಟೇ ಈ ಎರಡನೆಯ ಅಳತೆಯೂ ಮಹತ್ವದ್ದು.

ಜನಸಾಂದ್ರತೆಯ ಈ ಅಳತೆಗೋಲಿನಲ್ಲಿ ಒಂದು ವಿರೋಧಾಭಾಸವಿದೆ. ಕಡಲು ಎಲ್ಲಿ ಹೆಚ್ಚು ಜನರ ಮೇಲೆ ಏರಿ ಬರಬಹುದೋ ಅಲ್ಲಿಯೇ ಕಾಪಿನ ಪಟ್ಟಿ ಕಿರಿದು. ಇದಕ್ಕೆ ಸಮರ್ಥನೆ ಇಲ್ಲವೆಂದಲ್ಲ. ದಟ್ಟವಾದ ಮೀನುಗಾರ ಕೇರಿಗಳಲ್ಲಿ ಬೆಳೆದ ಮಗನಿಗೆ ಪಕ್ಕದಲ್ಲೊಂದು ಮನೆ ಕಟ್ಟಿಕೊಡಲು ಹಳೆಯ ನಿಯಮ ಅಡ್ಡಿಯಾಗಿತ್ತು ಎಂಬ ದೂರಿನಲ್ಲಿ ನಿಜವಿದೆ. ಆದರೆ ಮೀನುಗಾರನ ಮನೆಗೆಂದು ಸಡಿಲಿಸಿದ ಗೆರೆ ಉಳಿದವರ ಕಟ್ಟಡಗಳಿಗೂ ದಾರಿಯಾಗುತ್ತದೆ ಎಂಬ ಆತಂಕವೂ ಅಷ್ಟೇ ನಿಜವಾದದ್ದು.

3. ಕೆರೆಯಂಚಿನ ನಿಯಮ

ಒಳನಾಡಿನ ನಗರಕ್ಕೆ ಇಂತಹ ಒಂದೇ ರಾಷ್ಟ್ರೀಯ ನಿಯಮವಿಲ್ಲ. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು, ಕುಡಿಯುವ ನೀರಿಗಾಗಿ ಹಾಗೂ ನೀರಾವರಿಗಾಗಿ ಮನುಷ್ಯ ನಿರ್ಮಿಸಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ದಕ್ಷಿಣದ ಕೆರೆಗಳು ಹುಟ್ಟಿದ್ದೇ ನೀರಾವರಿಗಾಗಿ. ಆದ್ದರಿಂದ ಕೆರೆಯ ಅಂಚನ್ನು ಕಾಯುವ ಹೊಣೆ ಪ್ರಧಾನವಾಗಿ ರಾಜ್ಯದ ಕಾಯಿದೆ ಹಾಗೂ ನಗರದ ಮಹಾಯೋಜನೆಗಳ ಮೇಲೆ ಬಿದ್ದಿದೆ.

ಬೆಂಗಳೂರಿನ ಕೆರೆಗಳ ಬಗೆಗಿನ ಸರ್ಕಾರಿ ಕಾಳಜಿಗೆ 1986ರ ಲಕ್ಷ್ಮಣರಾವ್ ಸಮಿತಿಯನ್ನು ಮುಖ್ಯ ಮೈಲಿಗಲ್ಲೆಂದು ಗುರುತಿಸಲಾಗುತ್ತದೆ. 2007ರಲ್ಲಿ ಅನುಮೋದನೆ ಪಡೆದ ‘ಪರಿಷ್ಕೃತ ಮಹಾಯೋಜನೆ–2015’ ಕೆರೆಯ ಸುತ್ತ 30 ಮೀಟರ್ ಪಟ್ಟಿಯನ್ನು ಕಾಯ್ದಿರಿಸಿತು. ಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯಕ, ತೃತೀಯಕ ಎಂದು ವಿಂಗಡಿಸಿ ಅನುಕ್ರಮವಾಗಿ 50, 25, 15 ಮೀಟರ್‌ಗಳನ್ನು ನಿಗದಿಪಡಿಸಿತು. ಕೆರೆಯ ಪಟ್ಟಿ ಕಂದಾಯ ದಾಖಲೆಗಳು ತೋರಿಸುವ ಎಲ್ಲೆಯಿಂದ ಆರಂಭವಾಗುತ್ತದೆ. ಕಾಲುವೆಯ ಅಳತೆ ಅದರ ನಡುಗೆರೆಯಿಂದ ಆರಂಭವಾಗುತ್ತದೆ. ಕಾಲುವೆ 20 ಮೀಟರ್ ಅಗಲವಿದ್ದರೆ, ನಡುವಿನಿಂದ 50 ಮೀಟರ್ ಎಂದದ್ದು ಅಂಚಿನಿಂದ 40 ಮೀಟರ್ ಮಾತ್ರ ಆಗುತ್ತದೆ; 15 ಮೀಟರ್ ಎಂದದ್ದು 5 ಮೀಟರಿಗೆ ಇಳಿಯುತ್ತದೆ. ಕಾಲುವೆ ಅಗಲವಾದಷ್ಟೂ ಕಾಪು ಕಿರಿದಾಗುವ ವಿಚಿತ್ರ ಲೆಕ್ಕಾಚಾರವಿದು.

2016ರ ಮೇ 4ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಗಳಿಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್ ಎಂದು ಆದೇಶಿಸಿ, ಕಾಲುವೆಯ ಅಳತೆ ಅಂಚಿನಿಂದಲೇ ಆಗಬೇಕೆಂದು ಹೇಳಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಈ ಸಾಮಾನ್ಯ ನಿರ್ದೇಶನವನ್ನು ರದ್ದುಪಡಿಸಿತು. ಮಹಾಯೋಜನೆಗೆ ಶಾಸನಬದ್ಧ ಮಾನ್ಯತೆಯಿದೆ, ಅದನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಅದರ ತೀರ್ಪು. ಗಮನಿಸಬೇಕಾದ ಅಂಶವೆಂದರೆ, ತೀರ್ಪು ನಿಂತದ್ದು ಅಧಿಕಾರವ್ಯಾಪ್ತಿಯ ಪ್ರಶ್ನೆಯ ಮೇಲೆ. ಕೆರೆಗೆ ಎಷ್ಟು ಜಾಗ ಬೇಕೆಂಬ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂಚಿನ ಪಟ್ಟಿಯನ್ನು ಶ್ರೇಣೀಕರಿಸುವ ತಿದ್ದುಪಡಿ ಮಸೂದೆಯೊಂದು 2025ರಲ್ಲಿ ರಾಜ್ಯ ವಿಧಾನಮಂಡಲದ ಮುಂದೆ ಬಂದಿತು. ಚಿಕ್ಕ ಕೆರೆಗೆ ಕಿರಿದಾದ ಪಟ್ಟಿ ಸಾಕೆಂಬುದು ಇದರ ತರ್ಕ. ಕೆರೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಈ ತರ್ಕ ಸರಿಯೆನಿಸುತ್ತದೆ. ಸರಪಳಿಯಾಗಿ ನೋಡಿದರೆ ಮೇಲಿನ ಚಿಕ್ಕ ಕಟ್ಟೆ ಕೆಳಗಿನ ದೊಡ್ಡ ಕೆರೆಯ ಬಾಗಿಲಾಗಿರುತ್ತದೆ.

4. ಹೋಲಿಕೆಯಿಂದ ತಿಳಿಯುವುದೇನು?

ಎರಡು ವ್ಯವಸ್ಥೆಗಳ ನಡುವಿನ ವ್ಯತ್ಯಾಸಗಳು ಸ್ಪಷ್ಟವಾಗಿವೆ. ಕಡಲಂಚಿನ ನಿಯಮದ ಮೂಲ ಕೇಂದ್ರ ಸರ್ಕಾರದ ಅಧಿಸೂಚನೆ. ಕೆರೆಯಂಚಿನದು ರಾಜ್ಯದ ಕಾಯಿದೆ ಹಾಗೂ ನಗರ ಯೋಜನೆ. ಕಡಲಂಚಿನಲ್ಲಿ ಅಳತೆ ನೀರಿನ ಚಲನೆಯಿಂದ ಹೊರಡುತ್ತದೆ. ಕೆರೆಯಂಚಿನಲ್ಲಿ ಕಾಗದದಿಂದ ಹೊರಡುತ್ತದೆ. ಗ್ರಾಮನಕ್ಷೆ, ಸರ್ವೆ ನಂಬರು, ಆಕಾರಬಂದು, ಖರಾಬು ಎಂಬ ಪದಗಳು ಅಲ್ಲಿ ಕೆರೆಯ ಗುರುತುಗಳು. ಕೆರೆಯಲ್ಲಿ ನೀರು ಎಲ್ಲಿದೆ ಎಂಬುದಕ್ಕಿಂತ ದಾಖಲೆಯಲ್ಲಿ ಕೆರೆ ಎಲ್ಲಿದೆ ಎಂಬುದೇ ಅಲ್ಲಿ ಪ್ರಮಾಣ.

ಆದರೆ ಆಳದಲ್ಲಿ ಎರಡೂ ಒಂದೇ ಬಗೆಯಾಗಿ ಯೋಚಿಸುತ್ತವೆ. ಮೊದಲು ಒಂದು ಗೆರೆಯನ್ನು ಎಳೆಯುವುದು, ಆ ಗೆರೆಯಿಂದ ಇಷ್ಟು ಮೀಟರ್ ಎಂದು ಅಳೆಯುವುದು, ಆ ಮೀಟರ್‌ಗಳ ಬಗ್ಗೆ ವಾದಿಸುವುದು, ಇದೇ ಇಲ್ಲಿಯ ಕ್ರಮ. ಗೆರೆಯ ಸ್ವರೂಪವೇ ಅನಿಶ್ಚಿತವೆಂಬ ಸಂಗತಿ ಚರ್ಚೆಯಲ್ಲಿ ಹಿಂದೆ ಸರಿಯುತ್ತದೆ. ಇದಕ್ಕೆ ಒಂದು ನಿದರ್ಶನ ಸಾಕು. ಭಾರತದ ಕರಾವಳಿಯ ಉದ್ದ 7,516 ಕಿಲೋಮೀಟರ್ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿದವು. ಇತ್ತೀಚಿನ ಮರುಮಾಪನದಲ್ಲಿ ಅದು 11,098 ಕಿಲೋಮೀಟರ್ ಆಗಿದೆ. ದೇಶ ಬೆಳೆಯಲಿಲ್ಲ, ಹೆಚ್ಚು ಸೂಕ್ಷ್ಮ ಪ್ರಮಾಣದ ನಕ್ಷೆಯಲ್ಲಿ ಅಳಿವೆ, ತಿರುವು, ಕೊಲ್ಲಿಗಳನ್ನೆಲ್ಲ ಅಳೆದದ್ದರಿಂದ ಗೆರೆ ಬೆಳೆಯಿತು.

ವರ್ಗೀಕರಣದ ಪದ ಎಷ್ಟು ನಿರ್ಣಾಯಕವಾಗಬಲ್ಲದು ಎಂಬುದಕ್ಕೆ ನೆರೆಯ ಕೇರಳದ ಮರಡು ಪ್ರಕರಣ ನಿದರ್ಶನ. ಕೊಚ್ಚಿಯ ಬಳಿಯ ಈ ಊರು ಪಂಚಾಯತಿಯಾಗಿದ್ದ ಕಾಲದಲ್ಲಿ ಹಿನ್ನೀರಿನ ಅಂಚಿನಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳಿಗೆ ಅನುಮತಿ ನೀಡಲಾಗಿತ್ತು. ಆ ಪ್ರದೇಶ ಆಗ ಮೂರನೆಯ ವರ್ಗದಲ್ಲಿತ್ತೆಂಬ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯ 2019ರ ಮೇ 8ರಂದು ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ನೆಲಸಮವಾದವು. ಊರು ಅಷ್ಟರಲ್ಲಿ ಪುರಸಭೆಯಾಗಿತ್ತು. ನೀರು ಅದೇ, ದಡ ಅದೇ. ‘ಗ್ರಾಮ’, ‘ನಗರ’ ಎಂಬ ಹೆಸರುಗಳ ನಡುವೆ ನೂರಾರು ಕುಟುಂಬಗಳ ಮನೆಗಳು ಸಿಕ್ಕಿಕೊಂಡಿದ್ದವು.

ಬೆಂಗಳೂರಿನಲ್ಲಿ ಇದರ ಪರಿಣಾಮ ಬೇರೆ ರೂಪದಲ್ಲಿ ಕಾಣಿಸಿತು. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಳ್ಳಂದೂರು ಸುತ್ತಿನ ಬಡಾವಣೆಗಳೂ ಹೊರವರ್ತುಲ ರಸ್ತೆಯೂ ಜಲಾವೃತವಾದವು. ಕೆರೆಯಿಂದ ಕೆರೆಗೆ ಇಳಿಯಬೇಕಾದ ನೀರು ತನ್ನ ಹಳೆಯ ಹಾದಿಯಲ್ಲಿ ಎದ್ದಿದ್ದ ಕಟ್ಟಡಗಳೊಳಗೆ ನುಗ್ಗಿತು. ಕಡಲಿಲ್ಲದ ಊರಿಗೂ ಒಂದು ಉಬ್ಬರವಿದೆ. ಅದರ ಚಕ್ರ ಹುಣ್ಣಿಮೆ–ಅಮಾವಾಸ್ಯೆಯದಲ್ಲ, ಮುಂಗಾರು–ಹಿಂಗಾರಿನದು.

5. ಪದಗಳ ಸಾಕ್ಷ್ಯ

ಕನ್ನಡದ ಕೆಲವು ಪದಗಳನ್ನು ಈಗ ಪರಿಶೀಲಿಸಬಹುದು. ‘ಕೋಡಿ’ ಎಂಬ ಪದ ಕರಾವಳಿ ಮತ್ತು ಒಳನಾಡುಗಳೆರಡರಲ್ಲೂ ನೀರಂಚಿಗೆ ಸಂಬಂಧಿಸಿದೆ. ಕುಂದಾಪುರದ ಬಳಿಯ ಕೋಡಿ, ಉಡುಪಿ ಕಡೆಯ ಕೋಡಿಬೆಂಗ್ರೆ ಮೊದಲಾದ ಊರ ಹೆಸರುಗಳಲ್ಲಿ ಅದು ನೀರಿನೊಳಕ್ಕೆ ಚಾಚಿದ ನೆಲದ ತುದಿಯನ್ನು ಸೂಚಿಸುತ್ತದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಮೂರು ತಲೆಮಾರುಗಳ ಬದುಕು ಬೇರೂರಿರುವುದು ಇಂತಹ ಕೋಡಿ ಎಂಬ ಕಡಲಂಚಿನ ಊರಿನಲ್ಲೇ. ಒಳನಾಡಿನಲ್ಲಿ ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಜಾಗ. ಒಂದು ಕಡೆ ನೆಲ ಮುಗಿದು ನೀರು ತೊಡಗುವ ತುದಿ. ಇನ್ನೊಂದು ಕಡೆ ಕೆರೆಯ ನೀರು ತನ್ನ ಮಿತಿ ದಾಟಿ ನೆಲಕ್ಕೆ ಇಳಿಯುವ ತುದಿ. ಎರಡರಲ್ಲೂ ಅಂಚು ಎಂಬುದು ಏನೋ ನಡೆಯುವ ಜಾಗ, ಕೇವಲ ಗೆರೆಯಲ್ಲ.

‘ಕೆರೆಯಂಗಳ’ ಎಂಬ ಪದವೂ ಅಷ್ಟೇ ಅರ್ಥಪೂರ್ಣ. ಮನೆಯ ಅಂಗಳ ಖಾಲಿ ನಿವೇಶನವಲ್ಲ. ಅದು ಮನೆಯದೇ ಭಾಗ. ಕಣದಂತೆ, ಚಪ್ಪರದಂತೆ, ಮಲಗುವ ಜಾಗದಂತೆ ಕಾಲಕ್ಕೆ ತಕ್ಕ ಬಳಕೆ ಅದಕ್ಕಿದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ದನ ಮೇಯುವ, ಹೂಳು ತೆಗೆಯುವ ಕೆರೆಯಂಗಳವೂ ಹಾಗೆಯೇ. ನೀರಿಲ್ಲದ ಕೆರೆಯಂಗಳವನ್ನು ‘ಬರಿ ನೆಲ’ ಎಂದು ಓದಿದ ಆಡಳಿತ ಭಾಷೆಗೆ ಅಲ್ಲಿ ಬಸ್ ನಿಲ್ದಾಣವೂ ಕ್ರೀಡಾಂಗಣವೂ ಕಂಡವು. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂಬ ಪದಸಮೂಹವೇ ಕೆರೆಯೆಂದರೆ ಬರಿಯ ನೀರಿನ ಹರವಲ್ಲ, ಒಂದು ವ್ಯವಸ್ಥೆ ಎಂದು ಹೇಳುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ಶಾಸನೋಕ್ತ ಪದಗಳು ಈ ವ್ಯವಸ್ಥೆಯ ಪಾಲನೆಗೆ ನೆಲವನ್ನೂ ಆದಾಯವನ್ನೂ ಮೀಸಲಿಡುತ್ತಿದ್ದ ಪದ್ಧತಿಗೆ ಸಾಕ್ಷಿ. ಇಂದಿನ ಮೀಸಲು ಪಟ್ಟಿ ‘ಇಲ್ಲಿ ಕಟ್ಟಬೇಡ’ ಎಂದಷ್ಟೇ ಹೇಳುತ್ತದೆ. ಯಾರು ನೋಡಿಕೊಳ್ಳಬೇಕೆಂದು ಹೇಳುವುದಿಲ್ಲ. ನೀರುಗಂಟಿಯ ಸ್ಥಾನ ಅದರಲ್ಲಿಲ್ಲ.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಸುತ್ತಲಿನ ‘ಗಜನಿ’ ವರ್ಗೀಕರಣಕ್ಕೆ ಇನ್ನೂ ಕಠಿಣವಾದ ಸವಾಲು. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆ ಕಳೆದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಂದು ಮೀನು, ಸಿಗಡಿ ಸಿಗುತ್ತವೆ. ಗಜನಿ ನೆಲವೋ ನೀರೋ ಎಂಬ ಪ್ರಶ್ನೆಗೆ ‘ಯಾವ ತಿಂಗಳಲ್ಲಿ?’ ಎಂದು ಕೇಳಿಯೇ ಉತ್ತರಿಸಬೇಕು. ಕಾನೂನು ಒಂದು ಕಡೆ ಮಾತ್ರ ಕಾಲವನ್ನು ಒಳಗೆ ಬಿಟ್ಟುಕೊಂಡಿದೆ. ಹೊಳೆಯಲ್ಲಿ ಉಬ್ಬರದ ಪ್ರಭಾವ ಎಲ್ಲಿಯವರೆಗೆ ಎಂಬುದನ್ನು ವರ್ಷದ ಅತ್ಯಂತ ಒಣ ಕಾಲದಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವ ಕಡೆಯವರೆಗೆ ಎಂದು ಅದು ನಿರ್ಣಯಿಸುತ್ತದೆ. ಆದರೆ ಒಮ್ಮೆ ಗುರುತಿಸಿದ ಬಳಿಕ ಅದೂ ನಕ್ಷೆಯ ಮೇಲಿನ ಸ್ಥಿರ ಬಿಂದುವಾಗುತ್ತದೆ.

ಈ ವಿವೇಚನೆಗೆ ಸಂಸ್ಕೃತದ ‘ವೇಲಾ’ ಶಬ್ದ ಒಂದು ಸೂತ್ರವನ್ನು ಒದಗಿಸುತ್ತದೆ. ಅದಕ್ಕೆ ಕಡಲ ದಡ, ಮೇರೆ, ಉಬ್ಬರ, ಕಾಲ ಎಂಬ ಅರ್ಥಗಳಿವೆ. ಕಾವ್ಯಗಳ ವೇಲಾವನ ದಡದ ಕಾಡು. ಕನ್ನಡದ ‘ವೇಳೆ’ ಕಾಲವಾಚಿ. ಒಂದೇ ಶಬ್ದ ಎಲ್ಲೆಯನ್ನೂ ಹೊತ್ತನ್ನೂ ಒಟ್ಟಿಗೆ ಹಿಡಿದಿತ್ತು, ಏಕೆಂದರೆ ಕಡಲಿನ ಎಲ್ಲೆ ಹೊತ್ತಿನಿಂದ ಹೊತ್ತಿಗೆ ಬೇರೆ. ಇಂದಿನ ನಿಯಮಗಳು ಎಲ್ಲೆಯನ್ನು ಉಳಿಸಿಕೊಂಡು ವೇಳೆಯನ್ನು ಕೈಬಿಟ್ಟಿವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಾನೂನಿಗೆ ನಿಶ್ಚಿತತೆ ಬೇಕು. ಗೆರೆಯಿಲ್ಲದಿದ್ದರೆ ಬಲಾಢ್ಯನೇ ಗೆರೆ ಎಳೆಯುತ್ತಾನೆ ಎಂಬುದು ಆ ಆಕ್ಷೇಪ. ಇದು ಸರಿಯಾದ ಮಾತು. ಗೆರೆ ಬೇಡವೆಂಬುದು ಪ್ರಸ್ತುತ ವಾದವಲ್ಲ. ಗೆರೆಯನ್ನು ಎಳೆಯುವಾಗ ನೀರು ಅತ್ಯಂತ ಹಿಗ್ಗಿದ ಹೊತ್ತನ್ನು ಪ್ರಮಾಣವಾಗಿ ಹಿಡಿಯಬೇಕು. ಕೆರೆಯನ್ನು ಬಿಡಿಯಾಗಿ ನೋಡದೆ ಸರಪಳಿಯ ಕೊಂಡಿಯಾಗಿ ನೋಡಬೇಕು. ಆ ಹೊತ್ತನ್ನು ಕಂಡು ಬಲ್ಲವರ ಮಾತಿಗೆ ದಾಖಲೆಯ ಮಾನ್ಯತೆ ಬೇಕು ಎಂಬುದಷ್ಟೇ ವಾದ.

6. ಕನ್ನಡ ಅಧ್ಯಯನದ ಹೊಣೆ

ಬಲ್ಲವರ ಮಾತು ದಾಖಲೆಗೆ ಸೇರಬೇಕಾದರೆ ದಾಖಲೆಯ ಭಾಷೆ ಅವರಿಗೆ ತಲುಪಬೇಕು. ಪರಿಸರ ಪ್ರಭಾವ ಮೌಲ್ಯಮಾಪನದ 2020ರ ಕರಡು ಅಧಿಸೂಚನೆಯ ಸಂದರ್ಭದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಕರಡನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2020ರ ಜೂನ್ 30ರಂದು ಆದೇಶಿಸಿತು. ಇಂಗ್ಲಿಷ್–ಹಿಂದಿಗಳಲ್ಲಿ ಮಾತ್ರ ಇರುವ ಕರಡಿಗೆ ಬೆಂಗ್ರೆಯ ಮೀನುಗಾರ ಆಕ್ಷೇಪಣೆ ಬರೆಯುವುದು ಹೇಗೆ?

ಆದರೆ ಅನುವಾದವೊಂದೇ ಪರಿಹಾರವಲ್ಲ. ದೊಡ್ಡ ಉಬ್ಬರಕ್ಕೆ ಇಂಗ್ಲಿಷಿನಲ್ಲಿರುವ ‘ಸ್ಪ್ರಿಂಗ್ ಟೈಡ್’ ಎಂಬ ಹೆಸರಿಗೂ ವಸಂತ ಋತುವಿಗೂ ಸಂಬಂಧವಿಲ್ಲ. ಅಲ್ಲಿಯ ‘ಸ್ಪ್ರಿಂಗ್’ ಚಿಮ್ಮುವಿಕೆಯನ್ನು ಹೇಳುತ್ತದೆ. ನಿಘಂಟನ್ನೇ ನಂಬಿದ ಅನುವಾದಕ ಅದನ್ನು ‘ವಸಂತದ ಉಬ್ಬರ’ ಎಂದು ಬರೆದರೆ, ತಿಂಗಳಿಗೆ ಎರಡು ಸಲ ಬರುವುದು ವರ್ಷಕ್ಕೊಂದು ಸಲ ಬರುವುದಾಗಿಬಿಡುತ್ತದೆ. ‘ಹುಣ್ಣಿಮೆ–ಅಮಾವಾಸ್ಯೆಯ ಉಬ್ಬರ’ ಎಂದರೆ ಕಡಲಿಗಿಳಿಯುವ ಯಾರಿಗೂ ವಿವರಣೆ ಬೇಕಾಗದು. ಹಾಗೆಯೇ ತೃತೀಯಕ ಕಾಲುವೆ ಎಂಬುದು ಯೋಜಕನ ಪದ. ಅದು ಯಾವ ಕೆರೆಯ ಕೋಡಿಯಿಂದ ಹೊರಟು ಯಾವ ಕೆರೆಗೆ ಸೇರುತ್ತದೆ ಎಂಬುದು ಊರಿನವರ ಜ್ಞಾನ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು ಮೂರು. ಮೊದಲನೆಯದು, ಮೀನುಗಾರರು, ಗಜನಿ ಕೃಷಿಕರು, ನೀರುಗಂಟಿಗಳ ಮನೆತನದವರು ಬಳಸುವ ನೀರಂಚಿನ ಪದಗಳನ್ನು ಕನ್ನಡ, ತುಳು, ಕೊಂಕಣಿಗಳಿಂದ ಸಂಗ್ರಹಿಸಿ ವೃತ್ತಿಪದಕೋಶವನ್ನು ಸಿದ್ಧಪಡಿಸುವುದು. ಸಂಗ್ರಹದಲ್ಲಿ ಪದದ ಅರ್ಥದ ಜತೆಗೆ ಅದು ಸೂಚಿಸುವ ಜಾಗ ಮತ್ತು ಕಾಲವನ್ನೂ ನಮೂದಿಸಬೇಕು. ಎರಡನೆಯದು, ಸ್ಥಳನಾಮಗಳನ್ನು ನೀರಿನ ಇತಿಹಾಸದ ದಾಖಲೆಗಳಾಗಿ ಓದುವುದು. ಕೋಡಿ, ಬೆಂಗ್ರೆ, ಕುದ್ರು ಎಂದು ಕೊನೆಗೊಳ್ಳುವ ಹೆಸರುಗಳೂ ಕೆರೆ, ಕಟ್ಟೆ, ಕುಂಟೆ ಎಂಬವುಗಳೂ ನಕ್ಷೆ ಮರೆತದ್ದನ್ನು ನೆನಪಿಟ್ಟುಕೊಂಡಿವೆ. ಶಾಸನಗಳ ಚತುಸ್ಸೀಮೆಯ ವಿವರಗಳನ್ನೂ ಇದೇ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಮೂರನೆಯದು, ಕರಾವಳಿ ನಕ್ಷೆ ಹಾಗೂ ನಗರ ಯೋಜನೆಗಳ ಕರಡು ಪ್ರಕಟವಾದಾಗ ಅವುಗಳ ಕನ್ನಡ ರೂಪವನ್ನು ಪರಿಶೀಲಿಸಿ, ಸಾರ್ವಜನಿಕ ವಿಚಾರಣೆಗೆ ಮುಂಚೆಯೇ ಅಭಿಪ್ರಾಯ ನೀಡುವುದು. ಆಡಳಿತ ಕನ್ನಡದ ಪಾಠ ಹೇಳುವ ವಿಭಾಗಗಳಿಗೆ ಇದಕ್ಕಿಂತ ಜೀವಂತವಾದ ಪಠ್ಯ ಬೇರೆ ಸಿಗಲಾರದು.

ಒಟ್ಟಾರೆಯಾಗಿ ಹೇಳುವುದಾದರೆ, ಕಡಲಂಚಿನ ನಗರಕ್ಕೂ ಕೆರೆಯಂಚಿನ ನಗರಕ್ಕೂ ನಿಯಮಗಳ ಮೂಲ ಬೇರೆ, ಅಳತೆ ಬೇರೆ, ಮಾಪನದ ಕ್ರಮ ಬೇರೆ. ಆದರೆ ಕೊರತೆ ಒಂದೇ. ಎರಡೂ ನೀರನ್ನು ಎಲ್ಲೆಯಾಗಿ ಕಂಡಿವೆ, ವೇಳೆಯಾಗಿ ಕಂಡಿಲ್ಲ. ಈ ಕೊರತೆಯನ್ನು ತುಂಬಬಲ್ಲ ಪದಗಳು ನಮ್ಮ ಭಾಷೆಯಲ್ಲಿವೆ, ಅವುಗಳನ್ನು ಆಡುವ ಜನರೂ ಇನ್ನೂ ಇದ್ದಾರೆ. ಕಗ್ಗ ಬೆಳೆಯುವವನ ತಲೆಮಾರೂ ತೂಬು ಎತ್ತಿದವನ ತಲೆಮಾರೂ ಮುಗಿಯುವ ಮುನ್ನವೇ ಈ ಸಂಗ್ರಹಕಾರ್ಯ ನಡೆಯಬೇಕಾಗಿದೆ.